ತಾರಸಿ ಕೋಣೆಯ ಸಾಮಾನು

ಮದುವೆಯ ಕಡೆಯ ಪಂಕ್ತಿ ಎದ್ದು, ಹುಡುಗರು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಹೊತ್ತಿನಲ್ಲಿ ಸಿದ್ಧಾರ್ಥನಿಗೆ ಫೋನ್ ಬಂತು. ಅವನು ವೇದಿಕೆಯ ಮೆಟ್ಟಿಲ ಮೇಲೆ ಕೂತು ಮೈಕಿನ ವೈರು ಸುತ್ತುತ್ತಿದ್ದ. ಬನಶಂಕರಿಯ ಆ ಕಲ್ಯಾಣ ಮಂಟಪದಲ್ಲಿ ಸೌಂಡ್ ನೋಡಿಕೊಳ್ಳುವುದು ಹದಿನೇಳು ವರ್ಷದಿಂದ ಅವನ ಕೆಲಸ. ಬೆಳಗಿನ ಜಾವ ನಾದಸ್ವರದವರ ಮುಂದೆ ಮೈಕ್ ಇಟ್ಟರೆ, ಮಧ್ಯಾಹ್ನ ಹೆಣ್ಣಿನ ಕಡೆಯವರು ಅಳುವವರೆಗೆ ನಿಂತೇ ಇರಬೇಕು. ಐವತ್ತೊಂದು ವಯಸ್ಸಿಗೆ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಎಡಗಿವಿಯೊಳಗೆ ಸಣ್ಣಗೆ ಒಂದು ಸೀಟಿ ಶುರುವಾಗಿ ಎರಡು ವರ್ಷವಾಗಿತ್ತು. ಡಾಕ್ಟರು ಸದ್ದಿನಿಂದ ದೂರ ಇರಿ ಅಂದಿದ್ದರು. ಸಂಬಳ ಯಾರು ಕೊಡುತ್ತಾರೆ ಅಂತ ಹೇಳಿರಲಿಲ್ಲ.

ಫೋನ್ ಮಾಡಿದವನು ಮಡಿವಾಳದ ಗುಜರಿ ಅಂಗಡಿಯವನು.

"ಸಾರ್, ಅರೆಕೆರೇಲಿ ಒಂದು ಮನೆ. ತಾರಸಿ ಮೇಲಿನ ರೂಮ್ ಖಾಲಿ ಮಾಡಿಸ್ತಾವ್ರೆ. ಹಳೇ ಹಾಡಿನ ಪ್ಲೇಟ್ ಐತಂತೆ, ಗಿಟಾರ್ ಐತಂತೆ. ನಾಳೆ ಮಧ್ಯಾಹ್ನ ನಾನು ಗಾಡಿ ತಗೊಂಡ್ ಹೋಗ್ಬೇಕು. ನೀವು ಮೊದ್ಲು ಹೋಗಿ ನೋಡ್ಬಿಡಿ. ನಿಮ್ಗೆ ಬೇಡದ್ದು ನಂಗೆ."

ಮಾರನೆಯ ದಿನ ಭಾನುವಾರ. ಅಪರೂಪಕ್ಕೆ ಸಿಗುವ, ಮುಹೂರ್ತವಿಲ್ಲದ ಭಾನುವಾರ. ಮಲಗಬೇಕು ಅಂದುಕೊಂಡಿದ್ದ. ಆದರೂ ಬಾಯಿ "ಹೋಗ್ತೀನಿ" ಅಂದಿತು.

ಈ ಹುಚ್ಚು ಇವತ್ತಿನದಲ್ಲ. ಸಿದ್ಧಾರ್ಥನಿಗೆ ಇಪ್ಪತ್ತೆರಡು ಇದ್ದಾಗ, ಶನಿವಾರಗಳಂದು ಪಬ್ಬುಗಳಲ್ಲಿ ನುಡಿಸುವ ಒಂದು ಬ್ಯಾಂಡಿನಲ್ಲಿ ಗಿಟಾರ್ ಹಿಡಿದಿದ್ದ. ಆ ಬ್ಯಾಂಡಿನ ಡ್ರಮ್ಮರ್ ಒಂದು ಕ್ಯಾಸೆಟ್ ಕೊಟ್ಟ. ಬ್ಲೂಸ್. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನ ಕಟ್ಟಿಕೊಂಡ ಹಾಡು ಅಂತ ಆಮೇಲೆ ತಿಳಿಯಿತು. ಮೊದಲ ಸಲ ಕೇಳಿದಾಗ ಮಾತು ಒಂದೂ ಅರ್ಥವಾಗಿರಲಿಲ್ಲ. ಹಾಡುವವನು ತುಂಬ ದಣಿದಿದ್ದಾನೆ, ಆದರೂ ನಿಲ್ಲಿಸಿಲ್ಲ ಅನ್ನುವುದು ಮಾತ್ರ ತಿಳಿದಿತ್ತು. ಅವನ ಅಪ್ಪ ಯಲ್ಲಯ್ಯ ಕಲಾಸಿಪಾಳ್ಯದ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತು ಸಂಜೆ ಮನೆಗೆ ಬಂದು, ಗೋಡೆಗೆ ಒರಗಿ ಕೂತು, ಗಂಟಲೊಳಗೇ ಏನೋ ಗುನುಗುತ್ತಿದ್ದ. ಅದೇ ಥರ ಇತ್ತು ಅದು. ಬ್ಯಾಂಡ್ ಮುರಿಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಬ್ಲೂಸ್ ಪ್ಲೇಟುಗಳನ್ನು ಹುಡುಕುವುದು ಮಾತ್ರ ನಿಲ್ಲಲಿಲ್ಲ. ಶೋಕಿ ಅಂಗಡಿಗಳಲ್ಲಿ ಒಂದೊಂದಕ್ಕೆ ಮೂರು ಸಾವಿರ, ನಾಲ್ಕು ಸಾವಿರ. ಅಷ್ಟು ಅವನ ಕೈಲಾಗುತ್ತಿರಲಿಲ್ಲ. ಹಾಗಾಗಿ ಗುಜರಿ, ಮನೆ ಖಾಲಿ ಮಾಡುವವರು, ಫುಟ್‌ಪಾತು. ಹತ್ತು ಕಡೆ ಹೋದರೆ ಒಂದು ಕಡೆ ಏನಾದರೂ ಸಿಗುತ್ತಿತ್ತು.

ಅರೆಕೆರೆಯ ಆ ಮನೆ ಹಳೆಯ ಊರಿನ ಒಳಗಿತ್ತು. ಕೆಳಗೆ ಒಂದು ಹಾರ್ಡ್‌ವೇರ್ ಅಂಗಡಿ, ಮೇಲೆ ಬಾಡಿಗೆಯ ಎರಡು ಮನೆ, ಹಿಂದುಗಡೆ ಮಾಲೀಕರು. ಜಗಲಿಯ ಮೇಲೆ ಎಪ್ಪತ್ತೈದು ದಾಟಿದ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ಹೆಸರು ಲಕ್ಷ್ಮಿದೇವಮ್ಮ. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಲ್ಲಿಂದ ಬಂದ್ಯಪ್ಪಾ?"

"ಸುದ್ದಗುಂಟೆಪಾಳ್ಯ, ಅಮ್ಮ."

"ಸುದ್ದಗುಂಟೆಪಾಳ್ಯದಾಗೆ ಯಾವ ಕಡೆ?"

ಆ ಪ್ರಶ್ನೆ ನಿಜವಾಗಿ ಏನನ್ನು ಕೇಳುತ್ತಿದೆಯೆಂದು ಅವನಿಗೆ ಗೊತ್ತಿತ್ತು. ಸುತ್ತಿ ಬಳಸಿ ಉತ್ತರ ಕೊಟ್ಟು ಬೇಸತ್ತಿದ್ದ. "ಹಳೇ ಕಾಲೊನಿ ಕಡೆ, ಅಮ್ಮ" ಅಂದ. ಲಕ್ಷ್ಮಿದೇವಮ್ಮ "ಹೂಂ" ಅಂದು ಮತ್ತೆ ಕಾಯಿಗೆ ಕೈ ಹಾಕಿದರು.

ಅವರ ಮಗ ಕೆಂಪರಾಜು ಅಂಗಡಿಯಿಂದ ಬಂದು ಬೀಗದ ಕೈ ಕೊಟ್ಟ. ಸಿದ್ಧಾರ್ಥನದೇ ವಯಸ್ಸು, ಕಣ್ಣ ಕೆಳಗೆ ಅವನಂಥದೇ ಕಪ್ಪು. "ರವಿಕುಮಾರ್ ಅಂತ ಒಬ್ರು ಬಾಡಿಗೆಗಿದ್ರು ಸಾರ್, ಇಪ್ಪತ್ತೆರಡು ವರ್ಷ. ಫ್ಯಾಕ್ಟ್ರೀಲಿ ಟರ್ನರ್. ಒಂಟಿ ಮನುಷ್ಯ. ತೀರ್ಕೊಂಡು ಎರಡು ವರ್ಷ ಆಯ್ತು, ಸಾಮಾನು ಕೇಳ್ಕೊಂಡು ಯಾರೂ ಬರ್ಲಿಲ್ಲ. ಈಗ ಅದನ್ನ ಒಡೆದು ಇನ್ನೊಂದು ಫ್ಲೋರ್ ಎಬ್ಬಿಸ್ತಿದ್ದೀವಿ. ಏನ್ ಬೇಕೋ ತಗೊಳ್ಳಿ, ಮಧ್ಯಾಹ್ನದೊಳ್ಗೆ ರೂಮ್ ಕ್ಲೀನ್ ಆಗ್ಬೇಕು."

ತಾರಸಿಯ ಶೀಟಿನ ಕೋಣೆ ಬಿಸಿಲಿಗೆ ಕಾದಿತ್ತು. ಬಾಗಿಲು ತೆರೆದ ಕೂಡಲೇ ಇಲಿಯ ವಾಸನೆ. ಒಂದು ಮಂಚ, ಸೀಮೆಎಣ್ಣೆ ಸ್ಟವ್ವು, ಮೂಲೆಯಲ್ಲಿ ತಂತಿ ಹರಿದ ಗಿಟಾರ್, ಗೋಡೆಯ ಉದ್ದಕ್ಕೂ ಹಲಗೆ. ಹಲಗೆಯ ಮೇಲೆ ಪ್ಲೇಟುಗಳು. ಸಿದ್ಧಾರ್ಥ ಒಂದನ್ನು ಎಳೆದ. ಕವರಿನ ಮೇಲೆ ಟೋಪಿ ಹಾಕಿದ ಕಪ್ಪು ಮುದುಕ, ಮಡಿಲಲ್ಲಿ ಗಿಟಾರ್. ಇನ್ನೊಂದು ಎಳೆದ. ಅದೂ ಬ್ಲೂಸ್. ಮೂರನೆಯದೂ. ಕೆಲವುದರ ಹಿಂದೆ ಜರ್ಮನಿಯ ಅಂಗಡಿಯ ಚೀಟಿ, ೧೯೭೮. ಫ್ಯಾಕ್ಟರಿಯವರು ಟ್ರೈನಿಂಗಿಗೆ ಕಳಿಸಿದ್ದಿರಬೇಕು. ಊರು ನೋಡುವುದು ಬಿಟ್ಟು ಆ ಮನುಷ್ಯ ಪ್ಲೇಟು ಹುಡುಕಿಕೊಂಡು ತಿರುಗಿದ್ದ.

ಮಂಚದ ಕೆಳಗೆ, ಹಳೆಯ ಪಂಚೆಯಲ್ಲಿ ಸುತ್ತಿ ಒಂದು ಗಿಟಾರ್ ಆಂಪ್ಲಿಫೈಯರ್ ಇತ್ತು. ಹಿಂಬದಿಯ ಜಾಲರಿಯೊಳಗೆ ಹಳೇ ರೇಡಿಯೊಗಳಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು, ಒಂದೂ ಒಡೆದಿರಲಿಲ್ಲ. ಇಂಥದನ್ನು ಸಿದ್ಧಾರ್ಥ ಚಿತ್ರಗಳಲ್ಲಿ ಮಾತ್ರ ನೋಡಿದ್ದ. ಆದರೆ ಇಪ್ಪತ್ತೈದು ವರ್ಷದ ಅಭ್ಯಾಸ ಮುಖವನ್ನು ಮಂಕಾಗಿಯೇ ಇಟ್ಟುಕೊಂಡಿತು.

"ಎಲ್ಲಾ ಹಾಳಾಗ್ ಹೋಗಿದೆ ಸಾರ್," ಅಂದ ಕೆಳಗಿಳಿದು ಬಂದು. "ಪ್ಲೇಟಿಗೆಲ್ಲ ಬೂಷ್ಟು. ಆ ಡಬ್ಬಾ ರಿಪೇರಿ ಆದ್ರೆ ಆಯ್ತು, ಇಲ್ದಿದ್ರೆ ಇಲ್ಲ. ಎಲ್ಲಾ ಸೇರಿ ಮೂರು ಸಾವಿರ ಕೊಡ್ತೀನಿ. ರೂಮ್ ಗುಡಿಸಿ ಕೊಡ್ತೀನಿ."

"ಆಯ್ತು ಬಿಡಿ," ಅಂದ ಕೆಂಪರಾಜು. ಚೌಕಾಸಿ ಮಾಡುವ ಶಕ್ತಿ ಅವನಿಗೂ ಇದ್ದಂತೆ ಕಾಣಲಿಲ್ಲ.

ಗುಜರಿಯವನ ಗಾಡಿಯಲ್ಲೇ ಎಲ್ಲ ಮನೆಗೆ ಬಂತು. ಹೆಂಡತಿ ಇಂದ್ರಾಣಿ ಜಯನಗರದ ಒಂದು ಶಾಲೆಯಲ್ಲಿ ಗುಮಾಸ್ತೆ. ಭಾನುವಾರವೂ ಮಾರ್ಕ್ಸ್ ಕಾರ್ಡುಗಳ ಕಟ್ಟು ಮನೆಗೆ ತಂದಿದ್ದಳು. ಬಾಗಿಲಲ್ಲಿ ನಿಂತು ಪೆಟ್ಟಿಗೆಗಳನ್ನು ನೋಡಿದಳು.

"ಮನುಷ್ಯರು ಎಲ್ಲಿ ಮಲಗೋದು ಅಂತ ಕೇಳ್ಕೊಂಡ್ ಬಂದ್ರಾ?" ಅಂದಳು. ಜಗಳವಾಡುವ ದನಿಯಲ್ಲ. ಕಾಲು ಚಾಚಿ ಕೂತು ಮತ್ತೆ ಬರೆಯತೊಡಗಿದಳು.

ಅರ್ಧಕ್ಕರ್ಧ ಪ್ಲೇಟುಗಳು ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಇನ್ನಷ್ಟರಲ್ಲಿ ನಿಜವಾಗಿಯೂ ಬೂಷ್ಟು. ಕೇಳುವಂತಿದ್ದವು ನಲವತ್ತು. ಸಂಜೆ ಕೆಲಸದಿಂದ ಬಂದು ದಿನಕ್ಕೆ ಐದಾರನ್ನು ಸೋಪಿನ ನೀರಲ್ಲಿ ತೊಳೆದು ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ನಿಲ್ಲಿಸುತ್ತಿದ್ದ. ಆಂಪ್ಲಿಫೈಯರಿಗೆ ಹೊಸ ಫ್ಯೂಸು, ಹೊಸ ವೈರು, ಸೊರಗಿದ್ದ ಎರಡು ಕಂಡೆನ್ಸರಿನ ಬದಲು ಹೊಸವು ಹಾಕಿದ. ಗುರುವಾರ ಸ್ವಿಚ್ ಒತ್ತಿದಾಗ ವಾಲ್ವುಗಳು ನಿಧಾನವಾಗಿ ಕೆಂಪಗಾದವು. ಫೋಟೊ ತೆಗೆದು, ಜೆ.ಪಿ. ನಗರದಲ್ಲಿ ಹಳೆಯ ವಾದ್ಯಗಳನ್ನು ಕೊಂಡು ಮಾರುವ ಪ್ರೇರಣಾ ಅನ್ನುವವಳಿಗೆ ಕಳಿಸಿದ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಅಂಕಲ್, ಎಲ್ಲಿ ಸಿಕ್ತು ಇದು? ಒಂದು ಲಕ್ಷ ಹತ್ತು ಸಾವಿರ ಕೊಡ್ತೀನಿ, ಈಗ್ಲೇ. ಬೇರೆಯವ್ರಿಗೆ ತೋರಿಸ್ಬೇಡಿ, ಪ್ಲೀಸ್."

"ಯೋಚ್ನೆ ಮಾಡಿ ಹೇಳ್ತೀನಮ್ಮ," ಅಂದ. ಖುಷಿಯಾಗಬೇಕಿತ್ತು. ಕೆಂಪರಾಜುವಿನ ಕಣ್ಣ ಕೆಳಗಿನ ಕಪ್ಪು ನೆನಪಾಯಿತು.

ಒಂದು ಪೆಟ್ಟಿಗೆಯಲ್ಲಿ ಕ್ಯಾಸೆಟ್ಟುಗಳಿದ್ದವು. ಹೆಚ್ಚಿನವು ರೇಡಿಯೊದಿಂದ ಇಳಿಸಿಕೊಂಡಂಥವು. ಒಂದರ ಮೇಲೆ ಮಾತ್ರ ಕನ್ನಡದಲ್ಲಿ, ಅಚ್ಚುಕಟ್ಟಾದ ಕೈಬರಹದಲ್ಲಿ: "ಟಿ.ಆರ್. ಮತ್ತು ನಾನು. ೨೦೦೪." ಸಿದ್ಧಾರ್ಥ ಅದನ್ನು ತನ್ನ ಹಳೆಯ ಟೂ-ಇನ್-ಒನ್‌ಗೆ ಹಾಕಿದ.

ಮೊದಲು ಗಿಟಾರಿನ ತಂತಿ ಬಿಗಿಮಾಡುವ ಸದ್ದು. ಆಮೇಲೆ ಒಬ್ಬ ವಯಸ್ಸಾದ ಗಂಡಸಿನ ದನಿ: "ಮೆತ್ತಗೆ ಬಾರ್ಸು ಕಣಯ್ಯಾ. ಕೆಳಗೆ ಕೇಳ್ಸಿದ್ರೆ ಅವ್ಳು ಬತ್ತಾಳೆ." ಇನ್ನೊಬ್ಬ ನಕ್ಕ. ಗಿಟಾರ್ ಶುರುವಾಯಿತು, ಪಕ್ಕಾ ಬ್ಲೂಸ್, ನಿಧಾನದ ನಡೆ. ಅದರ ಮೇಲೆ ಮುದುಕ ಹಾಡಿದ.

*ಇಳಿಯೋ ನನ್ನ ಕರಿಯ, ಮೆಲ್ಲನೆ ಹಿಂದೆ ಸರಿಯ,*
*ತಳದ ನೀರು ತಣ್ಣಗೈತೆ, ತಲೆಯ ಮ್ಯಾಲೆ ಬಿಸಿಲೈತೆ…*

ಸಿದ್ಧಾರ್ಥನ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಉಳಿಯಿತು. ಕಪಿಲೆ ಹೊಡೆಯುವಾಗ ಎತ್ತುಗಳಿಗೆ ಹೇಳುವ ಪದ ಅದು. ಎತ್ತುಗಳು ಇಳಿಜಾರಿನಲ್ಲಿ ಹಗ್ಗ ಎಳೆದು ಬಾವಿಯಿಂದ ನೀರೆತ್ತುತ್ತಿದ್ದ ಕಾಲದ್ದು. ಮುದುಕ ಒಂದು ಸಾಲು ಎಳೆದು ಬಿಟ್ಟರೆ, ಎತ್ತು ಹಿಂದಕ್ಕೆ ಸರಿಯುವಷ್ಟು ಹೊತ್ತು ಗಿಟಾರ್ ಉತ್ತರ ಕೊಡುತ್ತಿತ್ತು. ಇಬ್ಬರಿಗೂ ಯಾರೂ ಹೇಳಿಕೊಟ್ಟಂತಿರಲಿಲ್ಲ. ಮೂರನೆಯ ಹಾಡಿನ ನಡುವೆ ಮುದುಕ "ಬುತ್ತಿ ತಂದೋಳ ಬಾಯಿ ಜೋರೋ" ಅಂತ ಎಳೆದ. ಗಿಟಾರಿನವನು ತಡೆಯಲಾರದೆ ನಕ್ಕ, ಮುದುಕನೂ ನಕ್ಕ, ಇಬ್ಬರೂ ಕೆಮ್ಮುವವರೆಗೆ ನಕ್ಕರು. "ಶ್, ಶ್" ಅನ್ನುತ್ತ ಮತ್ತೆ ಹಿಡಿದರು.

ಇಂದ್ರಾಣಿ ಪೆನ್ನು ಕೆಳಗಿಟ್ಟಿದ್ದಳು. "ಯಾರ್ರೀ ಅದು?"

"ಆ ಮನೆ ಯಜಮಾನ್ರು ಇರ್ಬೇಕು. ಬಾಗಿಲ ಮೇಲೆ ಫೋಟೊ ಇತ್ತು, ಹಾರ ಹಾಕಿದ್ರು. ತಿಮ್ಮರಾಯಪ್ಪ ಅಂತ."

"ಹಂಗಾದ್ರೆ ಇದು ಅವ್ರ ಮನೇದಲ್ವಾ?"

"ಹೌದು. ಆದ್ರೆ ಹೆಂಡ್ತಿ ಬಗ್ಗೆ ಆಡ್ಕೊಂಡಿದ್ದಾರಲ್ಲ ಇಂದ್ರಾಣಿ. ಆಯಮ್ಮ ಬದುಕಿದ್ದಾರೆ."

"ಬದುಕಿರೋದಕ್ಕೇ ಕೊಡ್ಬೇಕು," ಅಂದಳು ಇಂದ್ರಾಣಿ.

ಕೊಡಬೇಕು ಅಂತ ಅವನಿಗೂ ಗೊತ್ತಿತ್ತು. ಆದರೆ ಆ ಮನೆಗೆ ಮತ್ತೆ ಹೋದರೆ ಆಂಪ್ಲಿಫೈಯರಿನ ಮಾತು ಬರುತ್ತದೆ. ಮುಂದಿನ ಭಾನುವಾರ ಅಂದುಕೊಂಡ. ಆ ಭಾನುವಾರ ಎರಡು ಮದುವೆ. ಅದರ ಮುಂದಿನದಕ್ಕೆ ಜ್ವರ. ಮೂರನೆಯದಕ್ಕೆ ನೆವವೇನೂ ಇರಲಿಲ್ಲ, ಸುಮ್ಮನೆ ಮಲಗಿದ್ದ. ಪ್ರೇರಣಾ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಸಂಜೆ ಹೊತ್ತು ಆಂಪ್ಲಿಫೈಯರಿನ ಮುಂದೆ ಕೂತರೂ ಹಾಕಲು ಮನಸ್ಸಾಗುತ್ತಿರಲಿಲ್ಲ. ಹೊತ್ತುಕೊಂಡು ಬಂದದ್ದಕ್ಕಿಂತ ಮುಚ್ಚಿಟ್ಟುಕೊಂಡದ್ದು ಭಾರವಾಗಿತ್ತು. ನಾಲ್ಕನೆಯ ಭಾನುವಾರ ಟೂ-ಇನ್-ಒನ್ ಅನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬನ್ನೇರುಘಟ್ಟ ರಸ್ತೆ ಹಿಡಿದ.

ಲಕ್ಷ್ಮಿದೇವಮ್ಮ ಅದೇ ಜಗಲಿಯ ಮೇಲೆ ಕಾಯಿ ಸುಲಿಯುತ್ತಿದ್ದರು. ಅವನು ವಿಷಯ ಹೇಳಿ, ಪ್ಲಗ್ಗು ಕೇಳಿ, ಕ್ಯಾಸೆಟ್ ಹಾಕಿದ. ಮೊದಲ ಸಾಲಿಗೆ ಅವರ ಮುಖ ಬದಲಾಗಲಿಲ್ಲ. ಯಾವುದೋ ರೇಡಿಯೊ ಅನ್ನುವಂತೆ ಕೇಳಿದರು. ಎರಡನೆಯ ಸಾಲಿನ ಕೊನೆಗೆ ದನಿ ಸ್ವಲ್ಪ ಒಡೆದಾಗ ಕೈ ನಿಂತಿತು.

"ಇದು ನಮ್ಮೋರು."

"ಹೌದಮ್ಮ."

ಅವರು ಸೆರಗನ್ನು ಬಾಯಿಗೆ ಹಿಡಿದು ಮೂರನೆಯ ಹಾಡಿನವರೆಗೆ ಕೇಳಿದರು. ಸಿದ್ಧಾರ್ಥ ಬಟನ್ ಮೇಲೆ ಬೆರಳಿಟ್ಟುಕೊಂಡಿದ್ದ. ಒತ್ತಲೋ ಬೇಡವೋ ಅನ್ನುವಷ್ಟರಲ್ಲಿ ಆ ಸಾಲು ಬಂದೇ ಬಂತು, ಹಿಂದೆಯೇ ನಗು.

"ನಿಲ್ಸು," ಅಂದರು.

ನಿಲ್ಲಿಸಿದ.

"ನಗ್ತಾನೆ," ಅಂದರು ಲಕ್ಷ್ಮಿದೇವಮ್ಮ. "ನೋಡ್ದಾ, ಹೆಂಗ್ ನಗ್ತಾನೆ. ಐವತ್ತೈದು ವರ್ಷ ಸಂಸಾರ ಮಾಡ್ದೆ ಕಣಪ್ಪಾ. ಬಾವಿಗೆ ಪಂಪ್‌ಸೆಟ್ ಬಂದ್ಮೇಲೆ ಒಂದ್ ಪದ ಹೇಳ್ಲಿಲ್ಲ. ಜಮೀನು ಲೇಔಟ್ ಆದ್ಮೇಲಂತೂ ಮಾತೇ ಇಲ್ಲ. ಉಣ್ಣು ಅಂದ್ರೆ ಉಂಡ, ಮಲ್ಕೋ ಅಂದ್ರೆ ಮಲ್ಕೊಂಡ. ಮನುಷ್ಯ ಒಣಗ್ ಹೋದ ಅನ್ಕೊಂಡಿದ್ದೆ. ಮೇಲೆ ಹೋಗಿ ಹಾಡ್ತಿದ್ನಾ?" ತಾರಸಿಯ ಮೆಟ್ಟಿಲ ಕಡೆ ನೋಡಿದರು. "ಸದ್ದು ಕಮ್ಮಿ ಮಾಡ್ರೋ ಅಂತ ನಾನೇ ಮೆಟ್ಟಿಲ ಹತ್ರ ನಿಂತು ಕೂಗ್ತಿದ್ದೆ. ಆ ರವಿ ಒಬ್ನೇ ಬಾರಿಸ್ಕೋತಾನೆ ಅನ್ಕೊಂಡು."

ಅಷ್ಟರಲ್ಲಿ ಕೆಂಪರಾಜು ಅಂಗಡಿಯಿಂದ ಬಂದ. ಅಪ್ಪನ ಕ್ಯಾಸೆಟ್ ಅಂತ ತಿಳಿದು, "ಥ್ಯಾಂಕ್ಸ್ ಸಾರ್, ಯಾರ್ ಮಾಡ್ತಾರೆ ಈ ಕಾಲ್ದಲ್ಲಿ" ಅಂದ. ಆ ಮಾತು ಕೇಳಿದ ಮೇಲೆ ಸಿದ್ಧಾರ್ಥನಿಗೆ ಸುಮ್ಮನಿರಲಾಗಲಿಲ್ಲ.

"ಸಾರ್, ಆ ಡಬ್ಬಾ ಇತ್ತಲ್ಲ, ಮಂಚದ ಕೆಳ್ಗೆ. ಅದಕ್ಕೆ ಒಂದು ಲಕ್ಷದ ಮೇಲೆ ಬೆಲೆ ಇದೆ. ತಗೊಳ್ಳೋವಾಗ್ಲೇ ನಂಗೆ ಗೊತ್ತಿತ್ತು."

ಕೆಂಪರಾಜು ಅವನನ್ನೇ ನೋಡಿದ. ಫೋನ್ ತೆಗೆದು ಏನೋ ಹುಡುಕಿದ, ಮತ್ತೆ ನೋಡಿದ. "ಮೂರು ಸಾವಿರ ಕೊಟ್ಟು, ಹಾಳಾಗಿದೆ ಅಂದ್ರಿ."

"ಹೌದು ಸಾರ್."

"ನೀವು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಈಗ್ಯಾಕ್ ಹೇಳಿದ್ರಿ?"

ದೊಡ್ಡ ಕಾರಣವೊಂದನ್ನು ಹೇಳಬೇಕೆಂದು ಸಿದ್ಧಾರ್ಥ ಯೋಚಿಸಿದ. ಇರಲಿಲ್ಲ. "ಸುಸ್ತಾಗಿತ್ತು ಸಾರ್," ಅಂದ.

ಕೆಂಪರಾಜು ಬೈಯುತ್ತಾನೆ ಅಂದುಕೊಂಡಿದ್ದ. ಅವನು ಜಗಲಿಯ ಅಂಚಿನಲ್ಲಿ ಕೂತು ಚಪ್ಪಲಿ ಬಿಟ್ಟು ಕಾಲು ಉಜ್ಜಿಕೊಂಡ. "ಸಿಮೆಂಟಿನವ್ನು ದುಡ್ಡಿಗೆ ದಿನಾ ಬಂದು ನಿಂತ್ಕೋತಾನೆ. ನಂಗೂ ಧರ್ಮ ಮಾಡೋ ಹಂಗಿಲ್ಲ. ತಂದ್ಕೊಡಿ. ಪ್ಲೇಟು, ಗಿಟಾರ್ ನಿಮ್ಗೇ ಇರ್ಲಿ." ಒಳಗೆ ಹೋಗುವಾಗ ತಿರುಗಿ, "ಆ ರೂಮ್ ನೀಟಾಗೇ ಗುಡಿಸಿದ್ರಿ" ಅಂದ.

ಹೊರಡುವಾಗ ಸಿದ್ಧಾರ್ಥ ಟೂ-ಇನ್-ಒನ್‌ನ ಪ್ಲಗ್ಗಿಗೆ ಕೈ ಹಾಕಿದ. "ಅದು ಇಲ್ಲೇ ಇರ್ಲಿ," ಅಂದರು ಲಕ್ಷ್ಮಿದೇವಮ್ಮ, ಅವನ ಕಡೆ ನೋಡದೆ.

ಮರುದಿನ ಸಂಜೆ, ಕೊಡುವ ಮುಂಚೆ, ಅವನು ತನ್ನ ಹಳೆಯ ಗಿಟಾರನ್ನು ಆ ಆಂಪ್ಲಿಫೈಯರಿಗೆ ಸೇರಿಸಿ ಒಂದು ಗಂಟೆ ನುಡಿಸಿದ. ಬೆರಳುಗಳು ಸರಿಯಾಗಿ ಓಡಲಿಲ್ಲ. ದನಿ ಮಾತ್ರ ಬೆಚ್ಚಗೆ, ದಪ್ಪಗೆ, ಹತ್ತಿರ ಕೂತು ಮಾತಾಡಿದಂತೆ ಬಂತು. ಇಂದ್ರಾಣಿ ಒಗೆದ ಬಟ್ಟೆ ಮಡಿಸುವುದನ್ನು ಬಿಟ್ಟು ಗೋಡೆಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಅಂತ ಅವನು ನಿಲ್ಲಿಸಿದ. "ಬಾರ್ಸಿ," ಅಂದಳು, ಕಣ್ಣು ತೆಗೆಯದೆ.

ಆಂಪ್ಲಿಫೈಯರನ್ನು ಕೆಂಪರಾಜುವಿಗೆ ಒಪ್ಪಿಸಿ, ಪ್ರೇರಣಾಳ ನಂಬರ್ ಕೊಟ್ಟು ಬಂದ. ಅದು ಅವಳ ಕೈಗೆ ಹೋಯಿತು, ಅಲ್ಲಿಂದ ಯಾವುದೋ ಕಾಫಿ ಅಂಗಡಿಯ ಶೋಕೇಸಿಗೆ ಹೋಯಿತಂತೆ. ಸಿದ್ಧಾರ್ಥ ನೋಡಲು ಹೋಗಲಿಲ್ಲ. ಮದುವೆಗಳ ಕಾಲ ಶುರುವಾಗಿತ್ತು.

ಒಂದೂವರೆ ತಿಂಗಳ ಮೇಲೆ ಲಕ್ಷ್ಮಿದೇವಮ್ಮ ಫೋನ್ ಮಾಡಿದರು. "ಏನಪ್ಪಾ ಸಿದ್ದಾರ್ಥ, ನಿನ್ ಪೆಟ್ಟಿಗೆ ದಾರ ಕಕ್ಕೈತೆ. ಬಂದ್ ನೋಡು."

ಹೋದ. ತಾರಸಿಯ ಕೋಣೆ ಆಗಲೇ ಇರಲಿಲ್ಲ. ಮೇಲೆ ಕಂಬಿ ಕತ್ತರಿಸುವ ಸದ್ದು, ಜಗಲಿಯ ತುಂಬ ಸಿಮೆಂಟಿನ ಧೂಳು. ಕ್ಯಾಸೆಟ್ಟಿನ ಟೇಪು ಹೊರಬಂದು ಯಂತ್ರದ ಹಲ್ಲಿಗೆ ಸುತ್ತಿಕೊಂಡಿತ್ತು. ದಿನವೂ ಹಾಕಿ ಹಾಕಿ ಒಂದು ಜಾಗ ಸವೆದಿತ್ತು. ಅವನು ನೆಲದ ಮೇಲೆ ಕೂತು, ಟೇಪನ್ನು ಹರಿಯದಂತೆ ಬಿಡಿಸಿ, ಪೆನ್ಸಿಲ್ ತೂರಿಸಿ ಸುತ್ತತೊಡಗಿದ. ಲಕ್ಷ್ಮಿದೇವಮ್ಮ ಕಾಫಿಯ ಲೋಟ ತಂದಿಟ್ಟು ಎದುರಿಗೆ ಕೂತರು.

"ಅಲ್ಲೊಂದು ಪದ ತಪ್ಪು ಹೇಳ್ತಾನೆ," ಅಂದರು. "ಬೇಕಂತ್ಲೇ. ಆ ರವೀನ ನಗ್ಸಕ್ಕೆ."

"ಯಾವ್ದಮ್ಮ?"

"ಬುತ್ತಿ ತಂದೋಳ್ದು. ಅದು ಹಂಗಲ್ಲ. ನಾನು ಮದ್ವೆಯಾಗಿ ಬಂದ್ ವರ್ಷ, ಕಪಿಲೆ ಹತ್ರ ಬುತ್ತಿ ತಗೊಂಡ್ ಹೋದ್ರೆ, ಆ ಸಾಲು ಸರಿಯಾಗೇ ಹೇಳ್ತಿದ್ದ. ನನ್ ಮಾವ ಅಲ್ಲೇ ಇರ್ತಿದ್ರು. ನಾಚ್ಕೆ ಆಗೋದು."

"ಸರಿಯಾದ್ದು ಹೆಂಗಮ್ಮ?"

ಅವರು ಯಂತ್ರವನ್ನು ಅವನ ಕಡೆ ಸರಿಸಿದರು. ಅವನು ಕ್ಯಾಸೆಟ್ ಹಾಕಿ, ಮೂರನೆಯ ಹಾಡಿನ ಹತ್ತಿರಕ್ಕೆ ಓಡಿಸಿ ಬಿಟ್ಟ. ದನಿ ಸ್ವಲ್ಪ ಅಲುಗಿ ನೆಟ್ಟಗಾಯಿತು. ಮೇಲೆ ಕಂಬಿಯ ಸದ್ದು ನಿಂತಿತ್ತು, ಕೆಲಸದವರು ಊಟಕ್ಕೆ ಇಳಿದಿದ್ದರು. ಆ ಸಾಲು ಬರುವ ಹೊತ್ತಿಗೆ ಲಕ್ಷ್ಮಿದೇವಮ್ಮ ಮುಂದಕ್ಕೆ ಬಾಗಿದರು. ಗಂಡ "ಬುತ್ತಿ ತಂದೋಳ" ಅನ್ನುತ್ತಿದ್ದಂತೆಯೇ, ಅವನ ದನಿಯ ಮೇಲೆ ತಮ್ಮ ದನಿ ಹಾಕಿದರು. ಒರಟು, ಉಸಿರು ಸಾಲದ ದನಿ.

*ಬುತ್ತಿ ತಂದೋಳ ಕಾಲು ಸೋತೋ,*
*ಬದಿಗೆ ಕುಂತು ಉಣ್ಣೋ ದೊರೆಯೇ…*

ಟೇಪಿನೊಳಗೆ ಗಂಡಸರಿಬ್ಬರೂ ನಕ್ಕರು. ಲಕ್ಷ್ಮಿದೇವಮ್ಮ ನಿಲ್ಲಿಸಲಿಲ್ಲ. ನಗು ಮುಗಿದ ಮೇಲೆ ಗಿಟಾರ್ ಎಂದಿನಂತೆ ಉತ್ತರ ಕೊಟ್ಟಿತು, ನಿಧಾನವಾಗಿ, ನಾಲ್ಕೇ ಸ್ವರ. ಲಕ್ಷ್ಮಿದೇವಮ್ಮ ಕೈಯೆತ್ತಿ ಸಿದ್ಧಾರ್ಥನಿಗೆ ಸುಮ್ಮನಿರು ಅಂತ ಸನ್ನೆ ಮಾಡಿ, ಮುಂದಿನ ಸಾಲಿಗೆ ಉಸಿರು ಎಳೆದುಕೊಂಡರು.